ಕೆಂಪು ಬೊಟ್ಟಿನ ಮಾಸ್ಟರು

ನಮ್ಮ ಗಿಟಾರ್ ಮಾಸ್ಟರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ತಾರಸಿಯಲ್ಲಿ ಬಟ್ಟೆ ಒಣಗಿಹಾಕುತ್ತಿದ್ದೆ. ಓದಿದೆ. ಫೋನನ್ನು ಬಕೆಟ್ಟಿನ ಪಕ್ಕಕ್ಕಿಟ್ಟು ಉಳಿದ ಬಟ್ಟೆಯನ್ನೂ ಹಾಕಿ ಮುಗಿಸಿದೆ. ಕೆಳಗಿಳಿದು ಬರುವಷ್ಟರಲ್ಲಿ ಕ್ಲಾಸಿನ ಗುಂಪು ಮೆಸೇಜುಗಳಿಂದ ತುಂಬಿಹೋಗಿತ್ತು. ಅಂಥ ಗುರು ಇನ್ನು ಸಿಗುವುದಿಲ್ಲವಂತೆ. ಸರಸ್ವತೀಪುತ್ರರಂತೆ. ಯಾರೋ ಒಬ್ಬರು ವಿದ್ಯಾದಾನಿ ಎಂದು ಬರೆದು ಪಕ್ಕದಲ್ಲಿ ದೀಪದ ಚಿತ್ರ ಹಾಕಿದ್ದರು. ಆ ಒಂದು ಪದ ಓದಿ ಫೋನನ್ನು ಮಗುಚಿಟ್ಟೆ.

ಸಂಜೆ ನಮ್ಮ ಬಡಾವಣೆಯ ಕನ್ನಡ ಕೂಟದ ಕಾರ್ಯದರ್ಶಿಗಳು ಫೋನು ಮಾಡಿದರು. "ಮೇಡಂ, ಈ ಸಲದ ಸಂಚಿಕೆಗೆ ಮಾಸ್ಟರ ಬಗ್ಗೆ ಎರಡು ಪುಟ ಬರ್ಕೊಡಿ. ಅವರ ಬೆಸ್ಟ್ ಸ್ಟೂಡೆಂಟ್ ನೀವೇ ತಾನೆ?"

"ಬರೀತೀನಿ. ನೀವು ಹಾಕ್ತೀರೋ ಇಲ್ವೋ ಗೊತ್ತಿಲ್ಲ" ಎಂದೆ.

"ಅಯ್ಯೋ, ಯಾಕೆ ಹಾಕಲ್ಲ?" ಎಂದು ನಕ್ಕರು.

ಇದು ಅವರಿಗೆಂದು ಬರೆದದ್ದು. ಮಾಸ್ಟರ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಪಕ್ಕದಲ್ಲೊಂದು ಫೋಟೋ ಹಾಕುತ್ತಾರೆ, ಫೋಟೋದ ಸುತ್ತ ಹೂವಿನ ಬಳ್ಳಿ ಬರೆಸುತ್ತಾರೆ. ಅದನ್ನು ನೋಡುವ ತಾಳ್ಮೆ ನನಗಿಲ್ಲ.

ಇಲ್ಲಿ ಚೆನ್ನೈಯ ಪಲ್ಲಾವರಂನಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕ್ಲಾಸು ನಡೆಯುತ್ತಿತ್ತು. ನೆಲದ ಮೇಲೊಂದು ಜಮಖಾನ. ಅದರ ಮೊದಲ ಬಣ್ಣ ಏನಿತ್ತೋ ದೇವರಿಗೇ ಗೊತ್ತು. ಮಾಸ್ಟರು ಉಗುರು ಕತ್ತರಿಸಿಕೊಳ್ಳುತ್ತಿದ್ದದ್ದು ಅದರ ಮೇಲೆಯೇ. ಕೂತರೆ ಚೂರುಗಳು ಚುಚ್ಚುತ್ತಿದ್ದವು. ಅರವತ್ತು ದಾಟಿದ ತಲೆಗೆ ಕಪ್ಪು ಬಣ್ಣ ಹಚ್ಚುತ್ತಿದ್ದರು. ಚೆನ್ನೈ ಸೆಕೆಗೆ ಅದು ಕರಗಿ ಕಿವಿಯ ಹಿಂದೆ ಗೆರೆಯಾಗಿ ಇಳಿಯುತ್ತಿತ್ತು. ಹೆಗಲ ಮೇಲೆ ಸದಾ ಒಂದು ಟವೆಲ್ಲು. ಆ ಗೆರೆಯನ್ನು ಒರೆಸುತ್ತಿದ್ದದ್ದೂ ಅದರಲ್ಲೇ, ಮೊಸರನ್ನ ತಿಂದ ಬಾಯಿ ಒರೆಸುತ್ತಿದ್ದದ್ದೂ ಅದರಲ್ಲೇ, ನಮ್ಮ ಗಿಟಾರಿನ ತಂತಿಗಳನ್ನು ಒರೆಸಿಕೊಡುತ್ತಿದ್ದದ್ದೂ ಅದರಲ್ಲೇ. ಮನೆಗೆ ಬಂದಮೇಲೆ ನಾನು ಬೆರಳುಗಳನ್ನು ಎರಡು ಸಲ ಸೋಪು ಹಾಕಿ ತೊಳೆಯುತ್ತಿದ್ದೆ, ಆದರೂ ಊಟಕ್ಕೆ ಕೂತಾಗ ಆ ವಾಸನೆ ಬರುತ್ತಿತ್ತು.

ಇಷ್ಟು ಅಸಹ್ಯಪಟ್ಟುಕೊಂಡು ಎರಡು ವರ್ಷ ಯಾಕೆ ಹೋದೆ ಎಂದು ಯಾರಾದರೂ ಕೇಳಬಹುದು. ಮೊದಲ ದಿನವೇ ನಾನು ಕಂಡದ್ದನ್ನು ಹೇಳುತ್ತೇನೆ. ಕೆಳಗೆ ಬೀದಿಯಲ್ಲಿ ಈರುಳ್ಳಿ ಮಾರುವ ಗಾಡಿ ಹೋಗುತ್ತಿತ್ತು. ಅದರ ಧ್ವನಿವರ್ಧಕದಲ್ಲಿ ಒಬ್ಬ ಗಂಡಸು ಮೂಗಿನಿಂದ ಎಳೆದೆಳೆದು ಕೂಗುತ್ತಿದ್ದ. ಮಾಸ್ಟರು ಕಣ್ಣುಮುಚ್ಚಿಕೊಂಡು, ಗಿಟಾರಿನ ಕೊರಳ ಮೇಲೆ ಎಡಗೈಯನ್ನು ಒಂದು ಕಡೆ ಇಟ್ಟರು. ಆ ಈರುಳ್ಳಿಯವನ ಕೂಗು ಇದ್ದ ಹಾಗೇ ತಂತಿಯಿಂದ ಹೊರಟಿತು. ಅಷ್ಟರಲ್ಲಿ ಹಿಂದೆ ಇನ್ನೊಂದು ಗಾಡಿ ಬಂತು, ಹೆಂಗಸಿನ ಧ್ವನಿ, ಇನ್ನೂ ಮೇಲಿನ ಶ್ರುತಿ. ಅವರ ಕೈ ಜಾರಿಕೊಂಡು ಮೇಲೆ ಹೋಯಿತು, ಅಲ್ಲಿಯೂ ತಪ್ಪಲಿಲ್ಲ. ಕಣ್ಣು ತೆರೆಯಲೇ ಇಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ, ಶೋಳಿಂಗನಲ್ಲೂರಿನ ಆಫೀಸಿನಲ್ಲಿ ದಿನವಿಡೀ ಇನ್ನೊಬ್ಬರ ಪ್ರೋಗ್ರಾಮಿನ ತಪ್ಪು ಹುಡುಕಿ ಬೇಸತ್ತಿದ್ದ ನನಗೆ, ಅದನ್ನು ನೋಡಿ ಮೈ ಜುಂ ಎಂದಿತು. ಇಷ್ಟು ಬಂದರೆ ಸಾಕು ಎನ್ನಿಸಿತು. ಈಗ ಅದೇ ದೃಶ್ಯ ನೆನಪಾದರೆ ಕೋಪ ಬರುತ್ತದೆ. ಅವರಿಗೆ ಎಲ್ಲ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಅವರು ಕಲಿಸುತ್ತಿದ್ದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಿಟಾರಿನ ಕೊರಳಿನಲ್ಲಿ ಅಡ್ಡಡ್ಡವಾಗಿ ಕಂಬಿಗಳಿರುತ್ತವೆ. ಎರಡು ಕಂಬಿಗಳ ನಡುವಿನ ಜಾಗವನ್ನು ಅವರು ಮನೆ ಎನ್ನುತ್ತಿದ್ದರು. ಯಾವ ಮನೆಯಲ್ಲಿ ಬೆರಳೊತ್ತಿದರೆ ಯಾವ ಸ್ವರ ಎಂದು ತಿಳಿಯಬೇಕು. ಅದರಲ್ಲೂ ಸ್ಕೇಲು ಶುರುವಾಗುವ ರೂಟ್ ನೋಟು ಎಲ್ಲಿದೆ ಎಂದು ಮೊದಲು ತಿಳಿಯಬೇಕು. ನಮ್ಮ ಅಮ್ಮನ ಭಾಷೆಯಲ್ಲಿ ಹೇಳುವುದಾದರೆ, ಸ ಎಲ್ಲಿದೆ ಎಂದು ಗೊತ್ತಿರಬೇಕು. ಅದೊಂದು ಸಿಕ್ಕಿದರೆ ಉಳಿದ ಸ್ವರಗಳು ಅದರ ಸುತ್ತ ಒಂದೇ ವಿನ್ಯಾಸದಲ್ಲಿ ಕೂರುತ್ತವೆ.

ಮಾಸ್ಟರು ಇದನ್ನು ಹೇಳುತ್ತಿರಲಿಲ್ಲ. ಅವರು ಬೊಟ್ಟು ಅಂಟಿಸುತ್ತಿದ್ದರು. ಹೆಂಗಸರು ಹಣೆಗೆ ಇಟ್ಟುಕೊಳ್ಳುವ ಸ್ಟಿಕರ್ ಬೊಟ್ಟು. ಶುಕ್ರವಾರದ ಸಂತೆಯಲ್ಲಿ ಹಿಡಿತುಂಬ ತರುತ್ತಿದ್ದರು. ಸ ಇರುವ ಮನೆಗೆ ದೊಡ್ಡ ಕೆಂಪು ಬೊಟ್ಟು, ಉಳಿದ ಸ್ವರಗಳಿಗೆ ಸಣ್ಣ ಕಪ್ಪು ಬೊಟ್ಟು. ಹಾಳೆಯಿಂದ ಎದ್ದು ಬರದಿದ್ದರೆ ತೋರುಬೆರಳನ್ನು ನಾಲಿಗೆಗೆ ಒತ್ತಿ, ಆ ಎಂಜಲಿನಲ್ಲಿ ಬೊಟ್ಟನ್ನು ಎತ್ತಿ, ನನ್ನ ಗಿಟಾರಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ನಾನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಒಂದು ಹಾಡಿಗೆ ಒಂದು ಬೊಟ್ಟಿನ ಸಾಲು. ಹಾಡು ಬದಲಾದರೆ ಹಳೆಯದನ್ನು ಉಗುರಿನಿಂದ ಕಿತ್ತು ಹೊಸ ಸಾಲು. ಕಿತ್ತ ಜಾಗದಲ್ಲಿ ಉಳಿದ ಅಂಟಿಗೆ ಧೂಳು, ಕೂದಲು ಎಲ್ಲ ಹತ್ತಿಕೊಂಡು ಕರ್ರಗಾಗಿರುತ್ತಿತ್ತು.

ಆದರೆ ಹಾಡು ಮಾತ್ರ ಬೇಗ ಬರುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಮೂರು ತಿಂಗಳಿಗೆ ನಾನು ಮನೆಯಲ್ಲಿ ನಾಲ್ಕು ಜನರ ಮುಂದೆ ಬಾರಿಸಿ ಭೇಷ್ ಅನ್ನಿಸಿಕೊಂಡೆ. ಕೆಂಪಿನಿಂದ ಹೊರಟು ಕಪ್ಪುಗಳನ್ನು ತುಳಿದು ಕೆಂಪಿಗೆ ಬರುವುದು, ಅಷ್ಟೆ. ನಾನು ಬಾರಿಸುತ್ತಿರುವುದು ಯಾವ ಸ್ವರ ಎಂದು ಒಬ್ಬರೂ ಕೇಳಲಿಲ್ಲ, ಹಾಗಾಗಿ ನನಗೂ ಬೇಕೆನ್ನಿಸಲಿಲ್ಲ.

ಬೇಕೆನ್ನಿಸಿ ಕೇಳಿದ ದಿನವೂ ಇತ್ತು. "ಮಾಸ್ಟರ್, ಈ ಕೆಂಪು ಬೊಟ್ಟು ಇಲ್ಲೇ ಯಾಕೆ? ಬೇರೆ ಕಡೆ ಹುಡುಕೋದು ಹೇಗೆ?"

"ಅದೆಲ್ಲ ಅಪ್ಪುರಂ ಮಾ" ಎನ್ನುತ್ತಿದ್ದರು. ಅಪ್ಪುರಂ ಅಂದರೆ ಆಮೇಲೆ. ಅವರ ತಾತ ಹೊಸಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಮೂರನೇ ತಲೆಮಾರಿಗೆ ಅವರ ಕನ್ನಡದಲ್ಲಿ ಅರ್ಧ ತಮಿಳು. "ಮೊದ್ಲು ಕೈ ಕೂರ್ಲಿ. ತಲೆ ಅಪ್ಪುರಂ ಪಾಕಲಾಂ, ನೋಡೋಣ."

ತೀರಾ ಹಠ ಹಿಡಿದರೆ ಇನ್ನೊಂದು ಉಪಾಯವಿತ್ತು. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಆ ರೂಮಿನ ತಲೆಯ ಮೇಲೆ ವಿಮಾನಗಳು ಇಳಿಯುತ್ತಲೇ ಇರುತ್ತಿದ್ದವು. ಮಾಸ್ಟರು ಟೀ ಕುಡಿಯುತ್ತಾ ಕಾಯುತ್ತಿದ್ದರು. ಮೇಲೆ ಸದ್ದು ಶುರುವಾದದ್ದೇ ತಡ, ಬಾಯಿ ತೆರೆದು, ಕೈ ಆಡಿಸಿ, ಗಂಭೀರವಾಗಿ ಅದೇನೋ ವಿವರಿಸುತ್ತಿದ್ದರು. ಸದ್ದು ನಿಂತಾಗ ಅವರ ಮಾತೂ ಮುಗಿದಿರುತ್ತಿತ್ತು.

"ಕೇಳಿಸ್ಲಿಲ್ಲ ಮಾಸ್ಟರ್."

"ಹೇಳ್ದೆನಲ್ಲ ಮಾ! ನೀವು ಗಮನ ಕೊಡಲ್ಲ."

ಎಲ್ಲರೂ ನಗುತ್ತಿದ್ದೆವು. ನಾನೂ ನಗುತ್ತಿದ್ದೆ. ತಂತಿ ಬಿಗಿ ಮಾಡುವ ಕೀಗಳನ್ನೂ ನಾವು ಮುಟ್ಟುವಂತಿರಲಿಲ್ಲ. "ಕೀ ಮುಟ್ಟಿದ್ರೆ ಬೊಟ್ಟು ಸುಳ್ಳಾಗುತ್ತೆ" ಎಂದು ಹೆದರಿಸಿದ್ದರು. ವಾರಕ್ಕೊಮ್ಮೆ ಅವರೇ ಶ್ರುತಿ ಮಾಡಿಕೊಡಬೇಕು. ಆರು ಜನ ಸಂಬಳ ತರುವ ದೊಡ್ಡವರು, ಬ್ಯಾಂಕಿನವರು, ಕಂಪ್ಯೂಟರಿನವರು, ಎಲ್ಲರೂ ಗಿಟಾರು ಹೊತ್ತುಕೊಂಡು ಮೆಟ್ಟಿಲು ಹತ್ತಿ ಅವರ ಮುಂದೆ ಸಾಲಾಗಿ ಕೂರುತ್ತಿದ್ದೆವು.

ಇನ್ನು ನಮ್ಮ ಅಮ್ಮನ ವಿಷಯ. ಅಮ್ಮ ನಂಜನಗೂಡಿನವಳು. ಅಪ್ಪ ಹೋದಮೇಲೆ ನಮ್ಮ ಜೊತೆ ಇಲ್ಲೇ ಇದ್ದಾಳೆ. ಅಡುಗೆ ಮಾಡುತ್ತಾ, ಹೂ ಕಟ್ಟುತ್ತಾ ದೇವರನಾಮ ಹಾಡಿಕೊಳ್ಳುವುದು ಅವಳ ಜೀವ. ನಾನು ಗಿಟಾರು ಶುರುಮಾಡಿದ ವರ್ಷವೇ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಧ್ವನಿ ಹೋಗಲಿಲ್ಲ, ಇಳಿಯಿತು. ಮೇಲಿನ ಸ್ವರಕ್ಕೆ ಹೋದರೆ ಒಡೆದುಹೋಗುತ್ತಿತ್ತು. ವೈದ್ಯರು ಒತ್ತಡ ಹಾಕಬೇಡಿ, ಕೆಳಗಿನ ಶ್ರುತಿಯಲ್ಲಿ ಹಾಡಿಕೊಳ್ಳಿ ಎಂದಿದ್ದರು.

ಒಂದು ದಿನ ಅವಳೇ ಬಾಯಿಬಿಟ್ಟಳು. "ಅರವತ್ತೊಂಬತ್ತು ವರ್ಷ ಒಲೆ ಮುಂದೆನೇ ಹಾಡಿದ್ದಾಯ್ತು ಕಣೆ. ಇದೂ ಪೂರ್ತಿ ಹೋಗೋಕೆ ಮುಂಚೆ ಒಂದೇ ಒಂದ್ಸಲ ಸ್ಟೇಜ್ ಮೇಲೆ ಹಾಡ್ಬೇಕು. ನೀನು ಬಾರಿಸ್ತೀಯಾ?"

ನವೆಂಬರಿನಲ್ಲಿ ಕನ್ನಡ ಕೂಟದ ಕಾರ್ಯಕ್ರಮವಿತ್ತು. ಹೆಸರು ಕೊಟ್ಟೆವು. ಮಾಸ್ಟರು ಯಾವ ಹಾಡು ಎಂದು ನನ್ನನ್ನು ಕೇಳಿ, ದಪ್ಪ ತಂತಿಯ ಐದನೇ ಮನೆಯಲ್ಲಿ ಕೆಂಪು ಬೊಟ್ಟಿಟ್ಟು ಸಾಲು ಅಂಟಿಸಿಕೊಟ್ಟರು. ಎರಡು ತಿಂಗಳು ದಿನಾ ಸಂಜೆ ಆಫೀಸಿನಿಂದ ಬಂದು ನಾನು, ಅಮ್ಮ ಅಭ್ಯಾಸಕ್ಕೆ ಕೂತೆವು. ಫೋನಿನಲ್ಲಿ ಶ್ರುತಿಪೆಟ್ಟಿಗೆ ಹಾಕಿಕೊಳ್ಳುತ್ತಿದ್ದೆವು. ಅದನ್ನು ಒಂದು ಬೆರಳಿನಲ್ಲಿ ಬೇಕಾದಷ್ಟು ಇಳಿಸಬಹುದು.

"ಗಿಟಾರನ್ನೂ ಸ್ವಲ್ಪ ಇಳಿಸೋಕಾಗುತ್ತಾ?" ಎಂದು ಅಮ್ಮ ಮೊದಲ ವಾರವೇ ಕೇಳಿದಳು.

"ಇದೇ ಸರಿಯಾದ ಶ್ರುತಿ ಅಮ್ಮ. ಪ್ರಾಕ್ಟೀಸ್ ಮಾಡಿದ್ರೆ ಏಳುತ್ತೆ" ಎಂದೆ.

"ತಂತಿನಾದ್ರೂ ಸಡ್ಲ ಮಾಡು."

"ಅದೆಲ್ಲ ಮುಟ್ಟೋ ಹಾಗಿಲ್ಲ."

"ನಿನ್ನ ಸ ಎಲ್ಲಿದೆ ಅಂತ ನಿನಗೇ ಗೊತ್ತಿಲ್ವಾ?" ಎಂದು ಒಮ್ಮೆ ಅವಳು ಬೆರಗಾಗಿ ಕೇಳಿದಳು. ನಾನು ರೇಗಿದೆ. ಆಮೇಲೆ ಅವಳು ಕೇಳಲಿಲ್ಲ. ಶುಂಠಿ ಕಷಾಯ ಕುಡಿದು, ಕತ್ತು ಎತ್ತಿ, ಹೇಗೋ ಆ ಮೇಲಿನ ಸ್ವರವನ್ನು ಮುಟ್ಟಿ ಬರುತ್ತಿದ್ದಳು. ನಾನು ಮಾಸ್ಟರನ್ನು ಮತ್ತೊಮ್ಮೆ ಕೇಳಿದೆ. "ಇಳಿಸೋದು ಅಡುತ್ತ ಕೋರ್ಸು, ಮುಂದಿನ ಕೋರ್ಸು ಮಾ. ಅಮ್ಮಂಗೆ ಮೇಲೆ ಹತ್ತೋಕೆ ಹೇಳಿ" ಎಂದರು.

ಕಾರ್ಯಕ್ರಮದ ದಿನ ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಮಾಸ್ಟರು ಮಿರಿಮಿರಿ ಮಿನುಗುವ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು, ಗುರುಗಳೆಂದು ಅವರಿಗೊಂದು ಗುಲಾಬಿ ಬೇರೆ ಕೊಟ್ಟಿದ್ದರು. ವೇದಿಕೆಯ ಮೇಲೆ ಕೂತು ಅಮ್ಮ ಮೆಲ್ಲಗೆ ಗುನುಗಿ ನೋಡಿಕೊಂಡಳು. ನನ್ನ ಕಿವಿಯ ಹತ್ತಿರ ಬಾಗಿ, "ಇವತ್ತು ಏಳ್ತಾನೇ ಇಲ್ಲ ಕಣೆ. ಒಂದೇ ಒಂದು ಸ್ವರ ಇಳಿಸು, ನಿನ್ನ ದಮ್ಮಯ್ಯ" ಎಂದಳು.

ನಾನು ಮಾಸ್ಟರನ್ನು ನೋಡಿದೆ. ಹತ್ತು ಅಡಿ ದೂರ. ಅವರಿಗೆ ಅರ್ಥವಾಗಿತ್ತು, ಈರುಳ್ಳಿ ಗಾಡಿಯ ಶ್ರುತಿಯನ್ನು ಕಣ್ಣುಮುಚ್ಚಿ ಹಿಡಿಯುವ ಮನುಷ್ಯನಿಗೆ ಅಮ್ಮನ ಗುನುಗು ಅರ್ಥವಾಗದೆ ಇರುತ್ತದೆಯೆ? ಕೈಯನ್ನು ಎರಡು ಮನೆ ಹಿಂದಕ್ಕೆ ಸರಿಸು ಎಂದು ಎರಡು ಬೆರಳು ತೋರಿಸಿದ್ದರೆ ಸಾಕಿತ್ತು. ಅವರು ಗುಲಾಬಿ ಹಿಡಿದ ಕೈಯಿಂದಲೇ ತಮ್ಮ ಹಣೆ ಮುಟ್ಟಿಕೊಂಡು, ಬೊಟ್ಟು ನೋಡು, ಅಲ್ಲೇ ಬಾರಿಸು ಎಂದು ಸನ್ನೆ ಮಾಡಿ ನಕ್ಕರು.

ನಾನು ಅಲ್ಲೇ ಬಾರಿಸಿದೆ.

ಪಲ್ಲವಿ ಹೇಗೋ ದಾಟಿತು. ಅನುಪಲ್ಲವಿಯ ಮೇಲಿನ ಸ್ವರಕ್ಕೆ ಅಮ್ಮ ಹತ್ತಿದಳು, ಧ್ವನಿ ಹರಿದುಹೋಯಿತು. ಕೆಮ್ಮಿದಳು. ಮತ್ತೆ ಹತ್ತಲು ನೋಡಿದಳು, ಗಾಳಿ ಮಾತ್ರ ಬಂತು. ಜನ ಚಪ್ಪಾಳೆ ತಟ್ಟಿದರು, ಪಾಪ ಮುದುಕಿ ಎಂದು ತಟ್ಟುವ ಚಪ್ಪಾಳೆ. ಅಮ್ಮ ಕೈ ಮುಗಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲು ಇಳಿದಳು. ನಾನು ಬೊಟ್ಟು ನೋಡಿಕೊಂಡು ಹಾಡನ್ನು ಕೊನೆಯವರೆಗೂ ಬಾರಿಸಿ ಮುಗಿಸಿದೆ. ಯಾಕೆ ಮುಗಿಸಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಆಗ ಮಾಸ್ಟರು ವೇದಿಕೆ ಹತ್ತಿ ಮೈಕು ತೆಗೆದುಕೊಂಡರು. "ಎಲ್ಲಾರೂ ಗಮನಿಸಿದ್ರಾ? ಹಾಡೋರು ನಿಂತ್ರೂ ನನ್ನ ಶಿಷ್ಯೆ ನಿಲ್ಲಲಿಲ್ಲ. ಒಂದು ನೋಟೂ ತಪ್ಪಲಿಲ್ಲ!" ಮತ್ತೆ ಚಪ್ಪಾಳೆ. ಆ ಮಾತಿಗೆ ಅರೆಕ್ಷಣ ನನ್ನ ಮನಸ್ಸು ಹಿಗ್ಗಿತು. ಬರೆಯುವಾಗ ನನ್ನ ಮೇಲೆ ನನಗೇ ವಾಕರಿಕೆ ಬರುತ್ತಿದೆ, ಆದರೆ ಹಿಗ್ಗಿದ್ದು ನಿಜ.

ಮುಂದಿನ ಭಾನುವಾರ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಗಿಟಾರಿನ ಬೊಟ್ಟುಗಳನ್ನೆಲ್ಲ ಉಜ್ಜಿ ತೆಗೆದೆ. ಹಳೇ ಅಂಟು, ಕೂದಲು, ಎಂಜಲು ಎಲ್ಲ ಸೇರಿ ಕರಿ ಮುದ್ದೆಯಾಗಿ ಬಟ್ಟೆಗೆ ಹತ್ತಿತು. ಫೋನಿನಲ್ಲಿ ಒಬ್ಬಳು ಹುಡುಗಿ ಹೇಳಿಕೊಡುತ್ತಿದ್ದ ಪಾಠ ಹಾಕಿಕೊಂಡು ಕೂತೆ. ದಪ್ಪ ತಂತಿಯ ಮೇಲೆ ಒಂದೊಂದೇ ಮನೆ ಎಣಿಸಿಕೊಂಡು ಹೆಸರು ಹೇಳುವುದು. ಎರಡು ಕಡೆ ಮಾತ್ರ ಸ್ವರಗಳು ಪಕ್ಕಪಕ್ಕದ ಮನೆಯಲ್ಲಿರುತ್ತವೆ, ಉಳಿದ ಕಡೆ ನಡುವೆ ಒಂದು ಮನೆ ಬಿಡಬೇಕು. ಆ ತಂತಿಯಲ್ಲಿ ಸ ಸಿಕ್ಕಿತೋ, ಮುಂದಿನ ತಂತಿ ಬಿಟ್ಟು ಅದರಾಚೆಯ ತಂತಿಯಲ್ಲಿ, ಎರಡು ಮನೆ ಮುಂದೆ, ಮತ್ತದೇ ಸ. ಸುತ್ತಲಿನ ವಿನ್ಯಾಸ ಎಲ್ಲಿಗೆ ಹೋದರೂ ಒಂದೇ. ಕೈಯನ್ನು ಸರಿಸಿದರೆ ಶ್ರುತಿ ಸರಿಯುತ್ತದೆ. ಇಷ್ಟೇ. ಕಾಫಿ ಕುಡಿದು ಕೂತವಳು ಮಧ್ಯಾಹ್ನದ ಅಡುಗೆಗೆ ಏಳುವಷ್ಟರಲ್ಲಿ ಕಲಿತಿದ್ದೆ. ಅಳು ಬರಲಿಲ್ಲ. ಛೀ ಎನ್ನಿಸಿತು.

ಮಂಗಳವಾರ ಕ್ಲಾಸಿಗೆ ಹೋಗಿ ಎಲ್ಲರ ಮುಂದೆಯೇ ಕೇಳಿದೆ. "ಎರಡು ಮನೆ ಹಿಂದಕ್ಕೆ ಸರಿಸು ಅಂತ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು ಮಾಸ್ಟರ್?"

ಅವರು ಉಳಿದವರನ್ನೆಲ್ಲ ಟೀ ಕುಡಿದು ಬನ್ನಿ ಎಂದು ಕೆಳಗೆ ಕಳುಹಿಸಿದರು. ವಿಮಾನಕ್ಕೆ ಕಾಯಲಿಲ್ಲ. ಟವೆಲ್ಲಿನಿಂದ ಕಿವಿ ಒರೆಸಿಕೊಂಡರು.

"ನಾನು ಲೈಟ್ ಮ್ಯೂಸಿಕ್ ಟ್ರೂಪಲ್ಲಿ ಇಪ್ಪತ್ತು ವರ್ಷ ಬಾರಿಸ್ದೆ ಮಾ. ಎಷ್ಟು ಮದುವೆ, ಎಷ್ಟು ಕಚೇರಿ. ಹಾಡೋರು ಯಾವ ಶ್ರುತಿ ಕೇಳಿದ್ರೂ ನಾನು ರೆಡಿ. ಅದುಕ್ಕೇ ನಂಗೆ ಮರಿಯಾದಿ. ಅಪ್ಪುರಂ ಕೀಬೋರ್ಡ್ ಬಂತು. ಒಂದು ಬಟನ್ ಒತ್ತಿದ್ರೆ ಶ್ರುತಿ ಇಳಿಯುತ್ತೆ. ನೀವು ಇನ್ನು ಬರ್ಬೇಡಿ ಅಂದ್ರು. ನನ್ನ ಹತ್ರ ಇರೋದು ಇದು ಒಂದೇ. ಇದನ್ನೂ ಕೊಟ್ಬಿಟ್ರೆ ಈ ಮೆಟ್ಟಿಲು ಹತ್ಕೊಂಡು ಯಾರು ಮಾ ಬರ್ತಾರೆ?"

ಒಂದು ಕ್ಷಣ ನನಗೆ ಅಯ್ಯೋ ಅನ್ನಿಸಿತು. ಆ ರೂಮಿನಲ್ಲಿ ನಾವಿಲ್ಲದ ಹೊತ್ತಿನಲ್ಲಿ ಅವರು ಒಬ್ಬರೇ ಕೂತಿರುವುದು ಕಣ್ಣಿಗೆ ಬಂತು. ಅಷ್ಟರಲ್ಲಿ ಅವರು ನನ್ನ ಗಿಟಾರನ್ನು ಎಳೆದುಕೊಂಡರು. "ಎಲ್ಲಾ ತೆಗ್ದುಬಿಟ್ರಾ? ಪರವಾಗಿಲ್ಲ, ಹೊಸಾ ಹಾಡು ಹಾಕಿಕೊಡ್ತೀನಿ" ಎಂದು ಬೆರಳನ್ನು ನಾಲಿಗೆಗೆ ಒತ್ತಿದರು. ನಾನು ಗಿಟಾರು ಕಿತ್ತುಕೊಂಡು ಮೆಟ್ಟಿಲು ಇಳಿದೆ. ಮತ್ತೆ ಹೋಗಲಿಲ್ಲ.

ಆಮೇಲೆ ಒಮ್ಮೆ ಸಂತೆಯಲ್ಲಿ ಎದುರಾದರು. ಬಳೆ ಅಂಗಡಿಯ ಮುಂದೆ ಹೆಂಗಸರ ನಡುವೆ ನಿಂತು ಬೊಟ್ಟಿನ ಪ್ಯಾಕೆಟ್ಟು ಆರಿಸುತ್ತಿದ್ದರು. ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡವರೇ, "ನಲ್ಲಾ ಇದ್ದೀರಾ ಮಾ? ಅಮ್ಮ ಹಾಡ್ತಾರಾ?" ಎಂದರು. ನಾನು ಕೇಳಿಸದವಳಂತೆ ನುಗ್ಗೆಕಾಯಿಯವಳ ಜೊತೆ ಚೌಕಾಸಿಗೆ ನಿಂತೆ. ಅವರನ್ನು ಕಂಡದ್ದು ಅದೇ ಕೊನೆ.

ಅಮ್ಮ ಹಾಡುತ್ತಿರಲಿಲ್ಲ. ಈಗಲೂ ಹಾಡುವುದಿಲ್ಲ. ಹೂ ಕಟ್ಟುವಾಗಲೂ ಇಲ್ಲ, ಸ್ನಾನ ಮಾಡುವಾಗಲೂ ಇಲ್ಲ. ನಾನು ಎಷ್ಟೋ ಸಲ ಗಿಟಾರು ಹಿಡಿದು ಪಕ್ಕದಲ್ಲಿ ಕೂತು, "ನೀನು ಎಲ್ಲಿ ಶುರು ಮಾಡ್ತೀಯೋ ಅಲ್ಲಿಗೆ ಬರ್ತೀನಿ ಅಮ್ಮ, ಎಷ್ಟು ಕೆಳಗಾದ್ರೂ ಸರಿ" ಎಂದಿದ್ದೇನೆ. ಅವಳು ಸುಮ್ಮನೆ ನಕ್ಕು, "ನೀನು ಬಾರಿಸು, ಕೇಳ್ತೀನಿ" ಎನ್ನುತ್ತಾಳೆ.

ಇಷ್ಟನ್ನು ಬರೆದು ಮುಗಿಸಿ ನಿನ್ನೆ ಮಧ್ಯಾಹ್ನ ಅವಳಿಗೆ ಓದಿ ಹೇಳಿದೆ. ಅಮ್ಮ ಊಟದ ಮೇಜಿನ ಹತ್ತಿರ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಎಂಜಲಿನ ಮಾತು ಬಂದಾಗ ಸ್ವಲ್ಪ ಮೂಗು ಮುರಿದಳು, ಅಷ್ಟೆ. ಓದಿ ಮುಗಿದಮೇಲೆ ಕಸದ ದಂಟುಗಳನ್ನು ಒಂದು ಕಡೆಗೆ ಒತ್ತಿಟ್ಟಳು.

"ಸತ್ತೋರನ್ನ ಇಷ್ಟೊಂದು ಬೈದಿದ್ದೀಯಲ್ಲೇ" ಎಂದಳು.

"ಬೈಬಾರ್ದಾ? ಆ ಮನುಷ್ಯ ನಿನ್ನ ಹಾಡು ಕಿತ್ಕೊಂಡ್ರು ಅಮ್ಮ."

ಅಮ್ಮ ಮತ್ತೊಂದು ಕಟ್ಟು ಸೊಪ್ಪು ಎಳೆದುಕೊಂಡು ದಾರ ಬಿಚ್ಚಿದಳು.

"ಅವರು ನನ್ನ ಗಂಟಲನ್ನ ಅವತ್ತೊಂದು ದಿನ ಕೇಳಿದ್ರು ಕಣೆ. ನೀನು ಎರಡು ತಿಂಗಳು ದಿನಾ ಕೇಳಿದ್ದೆ."